ಸಾವಿನ ಮನೆಗೆ ಕಾಯಿ ಕಳಿಸುತ್ತಿದ್ದವಳು

ಮೊದಲು ಖರ್ಚು ಹೇಳಿಬಿಡುತ್ತೇನೆ. ನಾನು ವ್ಯಾಪಾರದವಳು, ದರ ತಿಳಿಯದೆ ಯಾವ ಮಾತಿಗೂ ಕಿವಿ ಕೊಟ್ಟವಳಲ್ಲ. ಓದುವ ನಿಮಗೂ ಆ ಹಕ್ಕಿದೆ. ನನಗೆ ಇಲ್ಲದ ಹೃದಯದ ಕಾಯಿಲೆಗೆ ಮೂರು ವರ್ಷದಲ್ಲಿ ಹತ್ತೊಂಬತ್ತು ಸಾವಿರ ರೂಪಾಯಿ ಹೋಯಿತು. ನನಗೆ ನಿಜವಾಗಿ ಇದ್ದ ಕಾಯಿಲೆ ಹತೋಟಿಗೆ ಬರಲು ಆರುನೂರು ಸಾಕಾಯಿತು, ಅದರಲ್ಲೂ ಮುಕ್ಕಾಲು ಪಾಲು ಬಸ್ ಚಾರ್ಜು.

ಹತ್ತೊಂಬತ್ತು ಸಾವಿರ ಹೇಗಾಯಿತು ಅಂತೀರಾ? ಹನ್ನೊಂದು ಸಲ ಇಸಿಜಿ, ನಾಲ್ಕು ಸಲ ಎಕ್ಸ್‌ರೇ, ಮೈಸೂರಿನ ದೊಡ್ಡ ಡಾಕ್ಟರುಗಳ ಫೀಸು, ಬಾಡಿಗೆ ಕಾರು, ಟಾನಿಕ್ಕು, ಎರಡು ತಾಯಿತ. ಅದರ ಮೇಲೆ ಸಾವಿನ ಮನೆಗಳಿಗೆ ನಾನು ಪುಕ್ಕಟೆ ಕಳಿಸಿದ ತೆಂಗಿನಕಾಯಿ. ತೆಂಗಿನಕಾಯಿ ಕಾಯಿಲೆಯ ಖರ್ಚಿಗೆ ಹೇಗೆ ಸೇರಿತು ಅನ್ನುವುದನ್ನು ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ.

ದುಡ್ಡಿನಲ್ಲಿ ಹೇಳಲಾಗದ ಖರ್ಚೂ ಒಂದಿತ್ತು. ನನ್ನನ್ನು ಸಾಕಿ ಬೆಳೆಸಿದ ಅಕ್ಕ ನಾಗಮಂಗಲದಲ್ಲಿ ಹೊಟ್ಟೆಯ ಕ್ಯಾನ್ಸರ್ ಆಗಿ ಮಲಗಿದ್ದಳು. ಡಾಕ್ಟರು ಮನೆಗೆ ಕಳಿಸಿಬಿಟ್ಟಿದ್ದರು. ತಂಗಿ ಬಂದಳಾ ಎಂದು ದಿನಾ ಕೇಳುತ್ತಿದ್ದಳಂತೆ. ನಾನು ಎರಡು ಬಸ್ಸಿನ ದೂರದಲ್ಲಿ ಗಟ್ಟಿಮುಟ್ಟಾಗಿ ಇದ್ದೆ, ಮೂರು ಹೊತ್ತು ಮುದ್ದೆ ಉಣ್ಣುತ್ತಿದ್ದೆ. ಆದರೂ ಅವಳನ್ನು ನೋಡಲು ಹೋಗಲಾಗುತ್ತಿರಲಿಲ್ಲ.

ನನ್ನ ಹೆಸರು ಪುಟ್ಟಲಕ್ಷ್ಮಮ್ಮ. ಕಿಕ್ಕೇರಿ ಹೋಬಳಿಯಲ್ಲಿ ತೆಂಗಿನಕಾಯಿ ವ್ಯಾಪಾರಕ್ಕೆ ಇಳಿದ ಮೊದಲ ಹೆಂಗಸು ನಾನೇ. ಎಸ್ಸೆಸ್ಸೆಲ್ಸಿ ಪಾಸಾಗಿದ್ದೇನೆ. ಮದುವೆಯಾಗಿ ಬಂದ ಹೊಸದರಲ್ಲಿ ಒಬ್ಬ ವ್ಯಾಪಾರಿ ನಮ್ಮ ತೋಟದ ಕಾಯನ್ನು ಕಣ್ಣೆದುರೇ ಅರ್ಧ ದರಕ್ಕೆ ಹೊಡೆದುಕೊಂಡು ಹೋದ. ಮುಂದಿನ ಸಲ ಕಾಯಿ ಕೀಳುವ ಹೊತ್ತಿಗೆ ಅಕ್ಕಪಕ್ಕದ ಆರು ಮನೆಯ ಕಾಯಿಯನ್ನು ನಾನೇ ಸೇರಿಸಿ ಲಾರಿಗೆ ಹಾಕಿಸಿದೆ. ಗಂಡಸರು ನಕ್ಕರು. ಐದು ವರ್ಷ ಕಳೆಯುವುದರೊಳಗೆ ಅದೇ ಗಂಡಸರು ‘ಅಕ್ಕ, ಈ ಸಲ ದರ ಎಂಗೈತೆ?’ ಎಂದು ನನ್ನ ಬಾಗಿಲಿಗೆ ಬಂದರು. ಮರದ ಬುಡದಲ್ಲಿ ನಿಂತು ತಲೆಯೆತ್ತಿದರೆ ಎಷ್ಟು ಕಾಯಿ ಇಳಿಯುತ್ತದೆಂದು ಹೇಳುತ್ತೇನೆ. ಒಂದಕ್ಕೊಂದು ಕುಟ್ಟಿದರೆ ಸದ್ದಿನಲ್ಲೇ ಬಲಿತದ್ದೋ ಎಳಸೋ ತಿಳಿಯುತ್ತದೆ. ಇಷ್ಟು ಜಾಣೆಯಾದವಳು ನನ್ನ ಮೈಯ ವಿಷಯದಲ್ಲಿ ಹೇಗೆ ಮೋಸಹೋದೆ ನೋಡಿ.

ನನಗೊಬ್ಬ ಪಾಲುದಾರ ಇದ್ದ, ಬೋರಣ್ಣ. ನಲವತ್ತು ದಾಟಿರಲಿಲ್ಲ. ತೊಂಬತ್ತರ ದಶಕದ ಮೊದಲ ವರ್ಷಗಳ ಮಾತು. ಒಂದು ಮಧ್ಯಾಹ್ನ ಲಾರಿಗೆ ತುಂಬಿಸುತ್ತಾ ಜೋರಾಗಿ ಕಾಯಿ ಎಣಿಸುತ್ತಿದ್ದವನು ಲೆಕ್ಕ ನಿಲ್ಲಿಸಿ ರಾಶಿಯ ಮೇಲೆ ಕೂತ. ‘ಯಾಕೋ ಎದೆ ಇಡ್ದಂಗಾಯ್ತದೆ ಕಣವ್ವ, ಒಸಿ ನೀರ್ ಕೊಡು’ ಅಂದ. ನಾನು ಚೊಂಬು ತರುವಷ್ಟರಲ್ಲಿ ಅವನಿರಲಿಲ್ಲ. ಹನ್ನೊಂದನೆಯ ದಿನ ಅವನ ತಿಥಿಗೆ ಹೋಗಿ ಉಂಡು ಬಂದೆ. ಆಮೇಲೆ ಮೂರು ವರ್ಷ ನಾನು ಯಾವ ಸಾವಿನ ಮನೆಯ ಹೊಸ್ತಿಲನ್ನೂ ತುಳಿಯಲಿಲ್ಲ.

ತಿಥಿಯಾದ ಮುಂದಿನ ವಾರ ಕೆ.ಆರ್. ಪೇಟೆ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದಾಗ ಎದೆ ಡವಡವ ಹೊಡೆದುಕೊಂಡಿತು. ಎಡಗೈ ಜೋಮು ಹಿಡಿಯಿತು, ಬೆವರು ಕಿತ್ತುಕೊಂಡಿತು. ಬೋರಣ್ಣನಿಗೆ ಬಂದದ್ದೇ ನನಗೂ ಬಂತು ಅಂದುಕೊಂಡೆ. ಆಸ್ಪತ್ರೆಯಲ್ಲಿ ಇಸಿಜಿ ತೆಗೆದು ಏನೂ ಇಲ್ಲ ಅಂದರು. ಸಂತೋಷವಾಗಬೇಕಿತ್ತು. ಆದರೆ ನನ್ನ ಕಸುಬಿನ ಬುದ್ಧಿ ಅಡ್ಡ ಬಂತು. ಒಂದೇ ಮಂಡಿಯಲ್ಲಿ ಕೇಳಿದ ದರವನ್ನು ನಾನು ಯಾವತ್ತೂ ಒಪ್ಪಿದವಳಲ್ಲ. ಎರಡು ಕಡೆ, ಮೂರು ಕಡೆ ವಿಚಾರಿಸಿಯೇ ಮಾಲು ಕೊಡುತ್ತಿದ್ದೆ. ಅದನ್ನೇ ಡಾಕ್ಟರುಗಳ ಮೇಲೂ ಹೂಡಿದೆ. ಪೇಟೆಯವರು ಏನಿಲ್ಲ ಅಂದರೆ ಪಾಂಡವಪುರ, ಅವರೂ ಏನಿಲ್ಲ ಅಂದರೆ ಮೈಸೂರು. ‘ಏನಿಲ್ಲ’ ಅನ್ನುವುದು ನನಗೆ ಪೂರ್ತಿ ಹೇಳದೆ ಮುಚ್ಚಿಟ್ಟ ದರದ ಹಾಗೆ ಕೇಳುತ್ತಿತ್ತು. ಇನ್ನೂ ಒಂದು ಸುತ್ತು ಕೇಳಿದರೆ ಅಸಲು ಸಂಗತಿ ಹೊರಬೀಳುತ್ತದೆ ಎಂದೇ ನಂಬಿದ್ದೆ.

ಮನೆಯಲ್ಲಿ ನನ್ನ ಕೈ ಯಾವಾಗಲೂ ಇನ್ನೊಂದು ಕೈಯ ನಾಡಿಯ ಮೇಲೆ. ಸಾರಿಗೆ ಒಗ್ಗರಣೆ ಹಾಕುವಾಗಲೂ ಎಡಗೈ ಬಿಡುವಿದ್ದರೆ ಬಲಗೈಯ ನಾಡಿ ಹಿಡಿದುಕೊಂಡಿರುತ್ತಿತ್ತು. ಸಿಕ್ಕಿದವರನ್ನೆಲ್ಲ ನನ್ನ ಮುಖ ಬಿಳಿಚಿಕೊಂಡಿದೆಯಾ ಎಂದು ಕೇಳುತ್ತಿದ್ದೆ. ನಮ್ಮತ್ತೆ ಕೆಂಪಮ್ಮನ ಬಾಯಿ ಜೋರು.

‘ನಿನ್ ಮೊಕ ಯಾವತ್ತವ್ವ ಕೆಂಪಗಿತ್ತು ಈಗ ಬಿಳುಚ್ಕಳಕ್ಕೆ? ನೋಡಕ್ ಬಂದ ದಿವ್ಸವೂ ಇಂಗೇ ಇದ್ದೆ.’

ನಮ್ಮ ಯಜಮಾನರು ಸಾಧು. ನಾನು ಕೇಳಿದಾಗಲೆಲ್ಲ ‘ಏನಾಗಲ್ಲ ಬುಡು, ಚೆನ್ನಾಗಿದ್ದೀಯ’ ಅನ್ನುತ್ತಿದ್ದರು. ಆ ಮಾತು ಒಂದು ಗಂಟೆ ಕೆಲಸ ಮಾಡುತ್ತಿತ್ತು. ಆಮೇಲೆ ಮತ್ತೆ ಕೇಳಬೇಕಾಗುತ್ತಿತ್ತು.

ಇನ್ನು ಕಾಯಿಯ ವಿಷಯ. ನಮ್ಮ ಕಡೆ ಮದುವೆಗೆ ಬರದಿದ್ದರೂ ನಡೆಯುತ್ತದೆ, ಸಾವಿಗೆ ಬರದವರನ್ನು ಊರು ಮರೆಯುವುದಿಲ್ಲ. ಅದು ಗೊತ್ತಿದ್ದೇ ನಾನೊಂದು ದಾರಿ ಮಾಡಿಕೊಂಡೆ. ಸುತ್ತಮುತ್ತ ಯಾರ ಮನೆಯಲ್ಲಿ ಸಾವಾದರೂ ತಿಥಿಯ ಅಡಿಗೆಗೆ ಒಂದು ಮೂಟೆ ಕಾಯಿ ಕಳಿಸಿಬಿಡುತ್ತಿದ್ದೆ, ದುಡ್ಡು ಬೇಡ ಅನ್ನುತ್ತಿದ್ದೆ. ಜೊತೆಗೆ ಯಜಮಾನರು ಹೋಗಿ ಕೂತು ಬರುತ್ತಿದ್ದರು. ‘ಪುಣ್ಯಾತ್ಗಿತ್ತಿ ಕಣ್ಲಾ ಆವಮ್ಮ, ಕಷ್ಟುಕ್ಕಾಯ್ತಾಳೆ’ ಎಂದು ಊರೂರಲ್ಲಿ ಹೆಸರಾಯಿತು. ನನ್ನ ಹೆದರಿಕೆಗೆ ಧರ್ಮ ಅಂತ ಹೆಸರು ಬಿತ್ತು. ಯಾರಿಗೂ ಅನುಮಾನ ಬರಲಿಲ್ಲ, ಕೊನೆಕೊನೆಗೆ ನನಗೂ ಬರಲಿಲ್ಲ.

ಹೀಗೆ ಮೂರನೆಯ ವರ್ಷ ನಡೆಯುತ್ತಿದ್ದಾಗ ನಾಗಮಂಗಲದಿಂದ ಅಕ್ಕನ ಮಗ ಸುರೇಶ ಬಂದ.

‘ಚಿಕ್ಕವ್ವ, ಅವ್ವುಂಗೆ ಇನ್ನೇನೂ ಮಾಡಂಗಿಲ್ವಂತೆ. ಎಲ್ಡ್ ತಿಂಗ್ಳೋ ಮೂರ್ ತಿಂಗ್ಳೋ ಅಂದವ್ರೆ. ಪುಟ್ಟಿ ಕರ್ಕಬಾ ಅಂತ ಒಂದೇ ಸಮ್ನೆ ಅಂತಾವ್ಳೆ.’

ಅಮ್ಮ ತೀರಿಹೋದಾಗ ನನಗೆ ಆರು ವರ್ಷ, ಅಕ್ಕನಿಗೆ ಹದಿನೈದು. ನನಗೆ ಜಡೆ ಹಾಕಿದ್ದು ಅವಳು, ಸ್ಕೂಲಿಗೆ ಸೇರಿಸಿದ್ದು ಅವಳು. ‘ಇವ್ಳು ಅತ್ನೇ ಕ್ಲಾಸ್ ಪಾಸಾಗೋವರ್ಗೂ ಗಂಡು ನೋಡ್ಬ್ಯಾಡಿ’ ಎಂದು ಅಪ್ಪನ ಎದುರು ನಿಂತದ್ದೂ ಅವಳೇ. ಅವತ್ತೇ ಸುರೇಶನ ಜೊತೆ ಬಸ್ಸು ಹತ್ತಿದೆ. ಪೇಟೆ ದಾಟಿತು. ಅರ್ಧ ದಾರಿಯಲ್ಲಿ ಉಸಿರು ಸಿಕ್ಕಿಕೊಂಡಿತು. ಅಲ್ಲಿ ಮಂಚ, ಅದರ ಮೇಲೆ ಅಕ್ಕ, ಆ ಮನೆಯ ವಾಸನೆ, ಎಲ್ಲ ಕಣ್ಣಿಗೆ ಕಟ್ಟಿತು. ಕಂಡಕ್ಟರಿಗೆ ಹೇಳಿ ಬಸ್ಸು ನಿಲ್ಲಿಸಿದೆ. ಕೈಯಲ್ಲಿದ್ದ ಎಳನೀರಿನ ಚೀಲವನ್ನು ಸುರೇಶನಿಗೆ ಕೊಟ್ಟು, ‘ನೀನ್ ಓಗಪ್ಪ, ಮುಂದಿನ್ವಾರ ಬತ್ತೀನಿ’ ಅಂದೆ. ಅವನು ಚೀಲವನ್ನು ನೋಡಿದ, ನನ್ನನ್ನು ನೋಡಿದ. ಬಸ್ಸು ಹೊರಟುಹೋಯಿತು.

ಆ ನೋಟವನ್ನು ಹೊತ್ತುಕೊಂಡು ಮಾರನೆಯ ದಿನ ಪಾಂಡವಪುರಕ್ಕೆ ಹೋದೆ. ಕಬ್ಬಿನ ಗಾಡಿಗಳು ಸಾಲುಗಟ್ಟುವ ರಸ್ತೆಯಲ್ಲಿ ಒಬ್ಬ ವಯಸ್ಸಾದ ಡಾಕ್ಟರ ಶಾಪಿತ್ತು. ಅಲ್ಲಿನ ಬೆಂಚಿನ ಮೇಲೆ ನಾನು ಕೂತಷ್ಟು ಹೊತ್ತು ಆ ಡಾಕ್ಟರೂ ಅವರ ಕುರ್ಚಿಯಲ್ಲಿ ಕೂತಿರಲಿಕ್ಕಿಲ್ಲ. ಹನ್ನೆರಡನೆಯ ಇಸಿಜಿ ತೆಗೆಯಿರಿ ಅಂದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

‘ತೆಗೆಯಲ್ಲಮ್ಮ. ದುಡ್ಡು ಕೊಟ್ಟರೂ ತೆಗೆಯಲ್ಲ. ನಿಮ್ಮ ಎದೇಲಿ ರೋಗ ಇಲ್ಲ, ಭಯ ಇದೆ. ಭಯ ತೋರಿಸೋ ಮಿಷನ್ನು ನನ್ನ ಹತ್ರ ಇಲ್ಲ.’

‘ಅಂಗಂದ್ರೆ ನಂಗೆ ಉಚ್ಚು ಅಂತೀರಾ ಸಾ?’

‘ಹುಚ್ಚಿಗೂ ಇದಕ್ಕೂ ಸಂಬಂಧ ಇಲ್ಲ. ಭಯವೂ ಒಂದು ಕಾಯಿಲೆ, ಅದಕ್ಕೂ ಔಷಧಿ ಇದೆ. ನಿಮಗೆ ಬೇಕಾಗಿರೋದು ಮಾತಿನ ಔಷಧಿ.’

ಒಂದು ಚೀಟಿ ಬರೆದುಕೊಟ್ಟರು. ಶ್ರೀರಂಗಪಟ್ಟಣದಲ್ಲಿ ಧರ್ಮಕ್ಕೆ ನಡೆಸುವ ಒಂದು ಚಿಕ್ಕ ಆಸ್ಪತ್ರೆಗೆ ಪ್ರತಿ ಗುರುವಾರ ಒಬ್ಬ ಮನಃಶಾಸ್ತ್ರದ ಮೇಡಂ ಬರುತ್ತಾರೆ, ಹೋಗಿ ಅಂದರು. ಆ ಡಾಕ್ಟರು ನನ್ನಿಂದ ಇನ್ನೂ ನೂರು ಇಸಿಜಿಯ ದುಡ್ಡು ವಸೂಲು ಮಾಡಬಹುದಿತ್ತು. ಬೇಡ ಅಂದರಲ್ಲ, ಅವರ ಹೊಟ್ಟೆ ತಣ್ಣಗಿರಲಿ.

ಮನೆಯಲ್ಲಿ ವಿಷಯ ಹೇಳಿದೆ. ಅತ್ತೆ ಮೊರ ಕೆಳಗಿಟ್ಟರು.

‘ಉಚ್ಚಾಸ್ಪತ್ರೆಗಾ? ನಾಳೀಕೆ ಮೊಮ್ಮಗ್ಳುಗೆ ಗಂಡ್ ಕೇಳೋವಾಗ ಏನಂತ ಏಳದು?’

ನಮ್ಮ ಯಜಮಾನರು ಅಮ್ಮನಿಗೆ ಎದುರಾಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ‘ಮಂಡಿ ನೋವಿಗೆ ನೀನು ತೈಲ ಉಜ್ಜುಸ್ಕಳಕ್ಕೆ ಓಗಲ್ವಾ, ಅಂಗೇಯ ಇದೂವೆ. ಸುಮ್ಕಿರವ್ವ’ ಅಂದರು.

ಆ ಆಸ್ಪತ್ರೆಯ ಜಗಲಿಯಲ್ಲಿ ಎರಡು ಬೆಂಚು. ಒಂದರಲ್ಲಿ ಕೂತರೆ ನದಿಗೆ ಹೋಗುವ ದಾರಿ ಕಾಣುತ್ತಿತ್ತು. ಸತ್ತವರ ಬೂದಿ ಬಿಡಲು ನಮ್ಮ ಸುತ್ತಿನ ತಾಲ್ಲೂಕುಗಳವರೆಲ್ಲ ಬರುವುದು ಅಲ್ಲಿಗೇ. ಕೆಂಪು ಬಟ್ಟೆ ಕಟ್ಟಿದ ಕುಡಿಕೆ ಹಿಡಿದವರು ಗಂಟೆಗೆ ಇಬ್ಬರಾದರೂ ಆ ದಾರಿಯಲ್ಲಿ ಹಾದುಹೋಗುತ್ತಿದ್ದರು. ನಾನು ಗೋಡೆಯ ಕಡೆ ಮುಖ ಮಾಡುವ ಬೆಂಚನ್ನು ಹಿಡಿದೆ. ಪಕ್ಕದಲ್ಲಿ ಖಾಕಿ ಅಂಗಿಯ ಒಬ್ಬ ದಪ್ಪ ಮೀಸೆಯ ಮನುಷ್ಯ ಕೂತಿದ್ದ. ಬಸ್ ಡ್ರೈವರ್ ಕೆಲಸವಂತೆ.

‘ಏನವ್ವ, ನಿಮ್ದು ಆರ್ಟೋ, ಕ್ಯಾನ್ಸರ್ರೋ?’ ಎಂದು ಕೇಳಿದ, ಯಾವೂರು ಎಂದು ಕೇಳುವ ಹಾಗೆ.

‘ಆರ್ಟು. ನಿಮ್ದು?’

‘ನಂದು ತಲೇಲಿ ಗಡ್ಡೆ. ಮೂರ್ ವರ್ಸದಿಂದ ಐತೆ. ಇನ್ನೂ ಯಾರ್ಗೂ ಸಿಕ್ಕಿಲ್ಲ.’

ಅವನು ಹೇಳಿದ್ದು ತಮಾಷೆಗಲ್ಲ. ಆದರೆ ಹೇಳಿ ಮುಗಿಸಿದ ಮೇಲೆ ಅವನ ಮಾತು ಅವನಿಗೇ ಕೇಳಿಸಿತು. ಮೀಸೆ ಅಲುಗಿತು. ನನಗೂ ತಡೆಯಲಾಗಲಿಲ್ಲ. ಚೀಟಿ ಬರೆಯುವ ಆಯಮ್ಮ ಗದರಿಕೊಳ್ಳುವವರೆಗೂ ಇಬ್ಬರೂ ನಕ್ಕೆವು. ಈ ಲೋಕದಲ್ಲಿ ಇಂಥ ಕಾಯಿಲೆ ನನ್ನೊಬ್ಬಳಿಗೇ ಎಂದು ಮೂರು ವರ್ಷ ನಾಚಿಕೆಪಟ್ಟಿದ್ದೆ. ಆ ನಾಚಿಕೆಯ ಅರ್ಧ ಆ ಬೆಂಚಿನ ಮೇಲೇ ಇಳಿಯಿತು.

ಮೇಡಂ ಹೆಸರು ವತ್ಸಲಾ. ಚಿಕ್ಕ ವಯಸ್ಸು, ಹತ್ತಿ ಸೀರೆ, ಮೆಲ್ಲಗೆ ಮಾತು. ಇವರೇನು ಮಾಡಿಯಾರು ಎಂದು ನನ್ನ ವ್ಯಾಪಾರ ಶುರುಮಾಡಿದೆ.

‘ಎಷ್ಟು ವಾರುಕ್ಕೆ ವಾಸಿ ಮಾಡ್ಕೊಡ್ತೀರ ಮೇಡಂ? ಎದೆ ಒಡೆದು ಸಾಯಲ್ಲ ಅಂತ ಗ್ಯಾರಂಟಿ ಕೊಟ್ರೆ ಬತ್ತೀನಿ.’

‘ಅಂಥ ಗ್ಯಾರಂಟಿ ಯಾರೂ ಕೊಡೋಕಾಗಲ್ಲ. ನೀವು ಏನು ಕೆಲಸ ಮಾಡ್ತೀರಿ?’

ಹೇಳಿದೆ.

‘ಸಾವಿರ ಕಾಯಿ ತಗೋತೀರಲ್ಲ, ಒಳಗೆ ಕೊಳೆತಿದೆಯೋ ಇಲ್ಲವೋ ಹೇಗೆ ಗೊತ್ತಾಗುತ್ತೆ?’

‘ನಾಕಾರು ಕುಟ್ ನೋಡ್ತೀನಿ, ಅಲ್ಲಾಡುಸ್ ನೋಡ್ತೀನಿ.’

‘ಎಲ್ಲವನ್ನೂ?’

‘ಎಲ್ಲಾನೂ ನೋಡ್ತಾ ಕುಂತ್ರೆ ಲಾರಿ ಬಿಟ್ಟೋಯ್ತದೆ.’

‘ಮತ್ತೆ ಕೆಟ್ಟದ್ದು ಬಂದುಬಿಟ್ಟರೆ?’

‘ಬಂದೇ ಬತ್ತದೆ. ಅದುಕ್ಕೇ ನೂರುಕ್ಕೆ ನಾಕ್ ಕಾಯಿ ಕೊಸರು ಇಸ್ಕಳದು.’

‘ಒಡೆದು ನೋಡಿಯೇ ತಗೊಳ್ಳಬಹುದಲ್ಲ?’

ಎಂಥ ಪ್ರಶ್ನೆ ಎಂದು ನಗು ಬಂತು. ‘ಒಡುದ್ ಮೇಲೆ ಅದುನ್ನ ಯಾರ್ಗ್ ಮಾರ್ಲಿ? ನೀವ್ ತಗತೀರಾ?’

ಅವರು ನಗಲಿಲ್ಲ. ‘ಸಾವಿರ ಕಾಯಿಯನ್ನ ಒಡೆಯದೆ ನಂಬ್ತೀರಿ. ನಿಮ್ಮ ಎದೆಯೊಂದನ್ನ ಮಾತ್ರ ದಿನಾ ಒಡೆದು ನೋಡಬೇಕು ಅಂತೀರಿ. ಯಾಕೆ?’

ದರದ ಮಾತಿನಲ್ಲಿ ಇನ್ನೊಬ್ಬರು ನನ್ನ ಬಾಯಿ ಕಟ್ಟಿದ್ದು ಅದೇ ಮೊದಲು. ಈಯಮ್ಮ ಆಗಬಹುದು ಅಂದುಕೊಂಡೆ.

ಅಕ್ಕನ ವಿಷಯ ಹೇಳುವಾಗ ಅತ್ತುಬಿಟ್ಟೆ. ಮೇಡಂ ತಡೆಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ, ನೀರು ಕೊಟ್ಟರು. ಆಮೇಲೆ ತಿಥಿಗಳಿಗೆ ಕಾಯಿ ಕಳಿಸುವುದನ್ನು ಹೆಮ್ಮೆಯಿಂದಲೇ ಹೇಳಿಕೊಂಡೆ. ಅವರು ಪೆನ್ನು ಕೆಳಗಿಟ್ಟು, ‘ನೀವು ಹೋಗಬೇಕಾದ ಜಾಗಕ್ಕೆ ನಿಮ್ಮ ಬದಲು ಕಾಯಿ ಹೋಗಿದೆ’ ಅಂದರು. ಆ ಮಾತು ಮುಳ್ಳಿನ ಹಾಗೆ ನೆಟ್ಟುಕೊಂಡಿತು. ಪಾಂಡವಪುರದವರೆಗೂ ಬಸ್ಸಿನಲ್ಲಿ ಅವರನ್ನು ಮನಸ್ಸಿನಲ್ಲೇ ಬೈದುಕೊಂಡು ಹೋದೆ.

ಕೆಲಸ ಶುರುವಾದದ್ದು ನಾಡಿಯಿಂದ. ದಿನಕ್ಕೆ ಎಷ್ಟು ಸಲ ನಾಡಿ ಹಿಡಿಯುತ್ತೀರೋ ಒಂದು ಕಾಗದದಲ್ಲಿ ಗೀಟು ಎಳೆದು ತನ್ನಿ ಅಂದರು. ಐದೋ ಆರೋ ಇರಬಹುದು ಅಂದುಕೊಂಡಿದ್ದೆ. ನಲವತ್ತು ದಾಟಿತು. ಐದಕ್ಕೆ ಇಳಿಸಿ ಅಂದರು ಮೇಡಂ. ಇಪ್ಪತ್ತು ಅಂದೆ ನಾನು. ಹತ್ತಕ್ಕೆ ಮುಗಿಯಿತು. ಹಿಡಿಯಬೇಕು ಅನ್ನಿಸಿದಾಗ ಹಿಡಿಯದೆ ಸುಮ್ಮನೆ ಇರುವುದು ಎಷ್ಟು ಕಷ್ಟ ಗೊತ್ತೇ? ಕಾದ ಬಾಣಲೆ ಹಿಡಿದುಕೊಂಡು ನಿಂತ ಹಾಗೆ. ಆದರೆ ಅರ್ಧ ಗಂಟೆ ತಡೆದರೆ ತಾನೇ ತಣ್ಣಗಾಗುತ್ತಿತ್ತು. ಭಯ ಹತ್ತುವುದನ್ನು ಮಾತ್ರ ನೋಡಿದ್ದ ನಾನು, ಇಳಿಯುವುದನ್ನು ಮೊದಲ ಸಲ ನೋಡಿದೆ. ಅಷ್ಟು ದಿನ ಅದು ಇಳಿಯುವ ಮೊದಲೇ ಡಾಕ್ಟರ ಶಾಪಿಗೆ ಓಡಿಬಿಡುತ್ತಿದ್ದೆ.

ಎರಡನೆಯ ವಾರ ಯಜಮಾನರನ್ನೂ ಅತ್ತೆಯನ್ನೂ ಕರೆಸಿದರು. ನಾನು ‘ಸಾಯ್ತೀನಾ’ ಎಂದು ಕೇಳಿದರೆ ಇನ್ನು ಮೇಲೆ ‘ಏನಾಗಲ್ಲ’ ಅನ್ನಕೂಡದು, ‘ಗೊತ್ತಿಲ್ಲ’ ಅನ್ನಬೇಕು ಎಂದು ಹೇಳಿಕೊಟ್ಟರು. ಯಜಮಾನರ ಮುಖ ಸಣ್ಣಗಾಯಿತು, ಬಸ್ಸಿನಲ್ಲಿ ಕಣ್ಣೊರೆಸಿಕೊಂಡರು. ಅತ್ತೆಗೆ ಮಾತ್ರ ಹಬ್ಬವಾಯಿತು. ಮಾರನೆಯ ಬೆಳಗ್ಗೆ ನಾನು ಬಾಯಿ ತೆರೆದದ್ದೇ ತಡ.

‘ಸಾಯ್ತೀಯ ಕಣವ್ವ! ಬುಟ್ಟೋರುಂಟಾ? ನಾನೂ ಸಾಯ್ತೀನಿ. ಮೊದ್ಲು ನೀನಾ ನಾನಾ ಅಂತ ಗೊತ್ತಿಲ್ಲ, ಮೇಡಮ್ಮು ಅದುನ್ ಏಳ್ಕೊಟ್ಟಿಲ್ಲ. ಏಳು, ಮುದ್ದೆ ಆರೋಯ್ತದೆ.’

ಹೇಳಿದರೆ ನಂಬುವುದಿಲ್ಲ, ಯಜಮಾನರ ಮೂರು ವರ್ಷದ ಸಮಾಧಾನಕ್ಕಿಂತ ಆ ಮಾತು ಹೆಚ್ಚು ಹೊತ್ತು ನಿಂತಿತು.

ಮೂರನೆಯ ವಾರದ್ದು ಎಲ್ಲಕ್ಕಿಂತ ಕಷ್ಟದ್ದು. ನಾನು ಸತ್ತರೆ ಏನೇನಾಗುತ್ತದೆ ಎಂದು ಬರೆದು, ದಿನಾ ಜೋರಾಗಿ ಓದಿಕೊಳ್ಳಬೇಕಂತೆ. ಅಪಶಕುನ, ಬರೆಯಲ್ಲ ಅಂದೆ. ‘ಬರೆದದ್ದಕ್ಕೆ ಯಾರೂ ಸಾಯೋದಿಲ್ಲ. ಬರೆಯದೆ ಇದ್ದದ್ದಕ್ಕೆ ಬದುಕಿ ಉಳಿದವರೂ ಇಲ್ಲ’ ಅಂದರು ಮೇಡಂ. ಬರೆದೆ. ಮೊದಲ ಪುಟದಲ್ಲಿ ನಮ್ಮತ್ತೆ ನನ್ನ ಗೋದಾಮಿನ ಕಾಯನ್ನೆಲ್ಲ ಬಾಯಿಗೆ ಬಂದ ದರಕ್ಕೆ ಮಾರಿಹಾಕುತ್ತಾರೆ ಎಂದು ಬಂತು. ಅದನ್ನು ಓದುವಾಗ ಭಯದ ಬದಲು ಸಿಟ್ಟು ಬಂದು, ಮೇಡಂ ಎದುರಿಗೇ ಮೇಜು ಕುಟ್ಟಿದೆ. ಎರಡನೆಯ ಪುಟದಲ್ಲಿ ಪೆನ್ನು ನಿಂತಿತು. ನನ್ನ ಮಗಳು ಶೋಭಾ ಬೆಳಗ್ಗೆ ಎದ್ದು, ಬಾಚಣಿಗೆ ಹಿಡಿದುಕೊಂಡು, ಯಾರ ಹತ್ತಿರ ಜಡೆ ಹಾಕಿಸಿಕೊಳ್ಳಬೇಕೆಂದು ತಿಳಿಯದೆ ನಿಲ್ಲುತ್ತಾಳೆ. ಅಷ್ಟೇ ಬರೆದೆ. ಆಗ ಗೊತ್ತಾಯಿತು, ಬಾಗಿಲಲ್ಲಿ ಬಾಚಣಿಗೆ ಹಿಡಿದು ನಿಂತವಳು ಶೋಭಾ ಅಲ್ಲ, ಆರು ವರ್ಷದ ನಾನು. ಮೂರು ವರ್ಷದಿಂದ ನಾನು ಹೆದರುತ್ತಿದ್ದದ್ದು ಎದೆನೋವಿಗಲ್ಲ. ನನ್ನ ಅಮ್ಮನ ಹಾಗೆ ಮಗಳನ್ನು ನಡುದಾರಿಯಲ್ಲಿ ಬಿಟ್ಟುಹೋಗುತ್ತೇನೆಂದು ಹೆದರಿದ್ದೆ. ಮೇಡಂಗೆ ಅದನ್ನೇ ಹೇಳಿದೆ.

‘ಆ ಹುಡುಗಿಗೆ ಆಮೇಲೆ ಯಾರು ಜಡೆ ಹಾಕಿದರು?’ ಎಂದು ಕೇಳಿದರು ಮೇಡಂ.

‘ಅಕ್ಕ.’

‘ಹಾಗಾದರೆ ಆ ಹುಡುಗಿ ಕೆಟ್ಟುಹೋಗಲಿಲ್ಲ.’

‘ಕೆಟ್ಟೋಗದೆಲ್ಲಿ ಬಂತು’ ಅಂದೆ ಮೂಗು ಒರೆಸಿಕೊಂಡು, ‘ಲಾರಿಗಟ್ಲೆ ಕಾಯಿ ಮಾರ್ತಾವ್ಳೆ.’

ಮುಂದಿನದಕ್ಕೆ ಮೇಡಂ ಒಂದು ಮೆಟ್ಟಿಲಿನ ಪಟ್ಟಿ ಮಾಡಿಕೊಟ್ಟರು. ಮೊದಲು ಬೆಂಚು ಬದಲಾಯಿಸಿ ದಾರಿಯ ಕಡೆ ಮುಖ ಮಾಡಿ ಕೂರುವುದು. ಆಮೇಲೆ ನದಿಯ ಮೆಟ್ಟಿಲವರೆಗೆ ನಡೆದು ಹೋಗುವುದು. ಆಮೇಲೆ ಒಂದು ತಿಥಿಯಲ್ಲಿ ಉಣ್ಣುವುದು. ಕೊನೆಗೆ ಅಕ್ಕನ ಮನೆ. ವಾರಕ್ಕೊಂದು ಮೆಟ್ಟಿಲು, ಆತುರ ಬೇಡ ಅಂದರು. ಬೆಂಚೂ ನದಿಯೂ ಆದವು, ಬೆವರುತ್ತಲೇ ಆದವು. ತಿಥಿಯಲ್ಲಿ ಸೋತೆ. ಪಕ್ಕದೂರಿನ ಮನೆಯೊಂದರಲ್ಲಿ ಎಲೆ ಹಾಕಿ ಪಲ್ಯ ಬಡಿಸುವಷ್ಟರಲ್ಲಿ ಎದ್ದು ಓಡಿಬಂದೆ. ಮಗಳ ಮುಂದೆ ಕೂತು ಅತ್ತುಬಿಟ್ಟೆ. ಮುಂದಿನ ಗುರುವಾರ ಮೇಡಂ, ‘ಇನ್ನೊಂದು ತಿಥಿ ನೋಡೋಣ, ಅದು ಆಗುವವರೆಗೂ ಅಕ್ಕನ ಮನೆ ಬೇಡ’ ಅಂದರು.

ಇಲ್ಲಿ ನಾನು ಚೌಕಾಸಿಗೆ ಕೂತೆ, ಮತ್ತು ಇದನ್ನು ಹೆಮ್ಮೆಯಿಂದಲೇ ಬರೆಯುತ್ತೇನೆ. ‘ಮೇಡಂ, ಇನ್ನೊಬ್ರು ಸಾಯೋಗಂಟ ನಾನು ಕಾಯ್ಬೋದು, ನಮ್ಮಕ್ಕ ಕಾಯಕ್ಕಿಲ್ಲ. ತಿಥಿನ ಕೊನೇಗಿಕ್ಕಿ, ಅಕ್ಕುನ್ನ ಮುಂದುಕ್ಕಾಕಿ. ಅಲ್ಲಿಂದ ಓಡ್ಬಂದ್ರೆ ನೀವು ಏಳ್ದಂಗೆ ಕೇಳ್ತೀನಿ.’ ಅವರು ಒಪ್ಪಿದರು, ಆದರೆ ಎರಡು ಷರತ್ತು ಹಾಕಿದರು. ಬಸ್ಸಿನಲ್ಲಿ ನಾಡಿ ಹಿಡಿಯಕೂಡದು. ಕೈಯಲ್ಲಿ ಏನನ್ನೂ ತೆಗೆದುಕೊಂಡು ಹೋಗಕೂಡದು, ಒಂದು ಎಳನೀರನ್ನೂ.

ಬರಿಗೈಯಲ್ಲಿ ನೆಂಟರ ಮನೆಗೆ ಹೋಗುವುದು ನಮ್ಮ ಕಡೆ ಎಂಥ ಅವಮಾನ ಎಂದು ನಿಮಗೆ ಗೊತ್ತು. ಆದರೂ ಹಾಗೇ ಹೋದೆ. ಹಿಂದೆ ಇಳಿದಿದ್ದ ಜಾಗ ಬಂದಾಗ ಎದೆ ಹೊಡೆದುಕೊಂಡಿತು. ಮುಂದಿನ ಸೀಟಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದೆ. ಹೊಡೆದುಕೊಳ್ಳಲಿ ಅಂದೆ. ನಾಗಮಂಗಲ ಬಂತು.

ಅಕ್ಕ ಅರ್ಧವಾಗಿದ್ದಳು. ಕಣ್ಣು ಮಾತ್ರ ಮೊದಲಿನದೇ. ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

‘ಬಂದ್ಯೇನೇ ಪುಟ್ಟಿ? ನನ್ ತಿಥಿಗೂ ಒಂದ್ ಮೂಟೆ ಕಾಯಿ ಕಳುಸ್ಬುಟ್ಟು ಸುಮ್ಕಾಯ್ತಾಳೆ ಅನ್ಕಂಡಿದ್ದೆ.’

ಊರಿಗೆಲ್ಲ ಕಾಣದ್ದು ಅವಳಿಗೆ ಯಾವತ್ತೋ ಕಂಡಿತ್ತು. ನಾನು ಮಂಚದ ಪಕ್ಕ ಕುಸಿದು ಕೂತೆ. ಉಸಿರು ಮೇಲಕ್ಕೆ ಬಂದಿತ್ತು. ನನಗೆ ತಿಳಿಯದೆಯೇ ಬಲಗೈ ಎಡಗೈಯ ಮಣಿಕಟ್ಟಿನ ಕಡೆ ಹೋಯಿತು. ಅಕ್ಕ ಅದನ್ನು ನೋಡಿದಳು. ಹೊದಿಕೆಯೊಳಗಿಂದ ತನ್ನ ಕೈ ಚಾಚಿದಳು.

‘ಇಡ್ಕಳಂಗಿದ್ರೆ ಇದುನ್ನ ಇಡ್ಕ. ಅದೇನ್ ಓಡೋಗಕ್ಕಿಲ್ಲ.’

ಹಿಡಿದುಕೊಂಡೆ. ಎಲುಬಿನ ಮೇಲೆ ಚರ್ಮ ಸುತ್ತಿದ ಹಾಗಿತ್ತು, ಆದರೆ ಬೆಚ್ಚಗಿತ್ತು. ನನ್ನ ಎದೆ ಎಷ್ಟು ಹೊತ್ತಿಗೆ ಸುಮ್ಮನಾಯಿತೋ ತಿಳಿಯಲಿಲ್ಲ, ಯಾಕೆಂದರೆ ಅಕ್ಕ ಮಾತು ಶುರುಮಾಡಿದ್ದಳು. ಸಂಜೆ ಬಸ್ಸಿಗೆ ವಾಪಸ್ ಹೋಗುತ್ತೇನೆಂದು ಮನೆಯಲ್ಲಿ ಹೇಳಿ ಬಂದವಳು ಹತ್ತೊಂಬತ್ತು ದಿನ ಅಲ್ಲೇ ಇದ್ದೆ. ನಡುವೆ ಒಂದು ಗುರುವಾರ ಮಾತ್ರ ಶ್ರೀರಂಗಪಟ್ಟಣಕ್ಕೆ ಹೋಗಿ ಬಂದೆ. ಉಳಿದ ದಿನಗಳಲ್ಲಿ ಅಕ್ಕನ ಮೈ ಒರೆಸಿದೆ, ಗಂಜಿ ಕುಡಿಸಿದೆ, ಉಳಿದಿದ್ದ ನಾಲ್ಕು ಎಳೆ ಕೂದಲಿಗೆ ಎಣ್ಣೆ ಹಚ್ಚಿ ಜಡೆ ಹಾಕಿದೆ. ಒಂದು ಮಧ್ಯಾಹ್ನ ಧೈರ್ಯ ಮಾಡಿ ಕೇಳಿದೆ.

‘ಭಯ ಆಯ್ತದಾ ಅಕ್ಕ?’

‘ಸೊಸೆ ಮಾಡೋ ಸಾರ್ ನೋಡುದ್ರೆ ಆಯ್ತದೆ’ ಅಂದಳು. ಸೊಸೆ ‘ಅತ್ತೇ’ ಎಂದು ಒಳಗಿನಿಂದ ಕೂಗಿದಳು. ನಕ್ಕೆವು. ಆಮೇಲೆ ಅಕ್ಕ ಹೇಳಿದಳು, ‘ಒಬ್ಳೇ ಇದ್ದಾಗ ಆಯ್ತದೆ ಕಣೆ. ನೀ ಬರಾಕ್ ಮುಂಚೆ ಬಾಳ ಆಯ್ತಿತ್ತು. ಯಾರಾರ ಪಕ್ದಲ್ಲಿ ಕುಂತಿದ್ರೆ ಮರ್ತೋಯ್ತದೆ.’

ಹತ್ತೊಂಬತ್ತನೆಯ ದಿನ ಬೆಳಗ್ಗೆ, ಹಾಲಿನವನು ಬಂದು ಹೋದ ಮೇಲೆ, ಅಕ್ಕ ಹೋದಳು. ಸುರೇಶ ಎದುರಿಗಿದ್ದ, ನಾನು ಪಕ್ಕದಲ್ಲಿದ್ದೆ. ಬಾಯಿಗೆ ನೀರು ಬಿಟ್ಟವಳು ನಾನೇ. ಸಾವು ನಾನು ಮೂರು ವರ್ಷ ಅಂದುಕೊಂಡಿದ್ದ ಹಾಗೆ ಇರಲಿಲ್ಲ. ದುಃಖ ಬೇಕಾದಷ್ಟಿತ್ತು, ಭಯ ಇರಲಿಲ್ಲ. ಆ ಎರಡೂ ಬೇರೆ ಬೇರೆ ಎಂದು ನನಗೆ ಗೊತ್ತಾದದ್ದು ಅವತ್ತು. ಅಕ್ಕನ ತಿಥಿಯ ಅಡಿಗೆಮನೆಯಲ್ಲಿ ಬೆಳಗ್ಗೆಯಿಂದ ತುರಿಮಣೆಯ ಮೇಲೆ ಕೂತಿದ್ದೆ, ಮಧ್ಯಾಹ್ನ ಪಂಕ್ತಿಯಲ್ಲಿ ಕೂತು ಪೂರ್ತಿ ಎಲೆ ಉಂಡೆ. ಅತ್ತೆ ಎದುರಿನ ಸಾಲಿನಲ್ಲಿದ್ದರು. ‘ಮೇಡಮ್ಮುಗೆ ನಾನೇ ಏಳ್ತೀನಿ, ಎಲ್ಡ್ ಸಲ ಪಾಯ್ಸ ಆಕುಸ್ಕಂಡ್ಳು ಅಂತ’ ಅಂದರು.

ಈಗ ನಾಲ್ಕು ವರ್ಷವಾಯಿತು. ಪೂರ್ತಿ ವಾಸಿಯಾಯಿತು ಎಂದು ಸುಳ್ಳು ಹೇಳುವುದಿಲ್ಲ. ತಿಂಗಳಿಗೊಮ್ಮೆ ಎದೆ ಡವಗುಟ್ಟುತ್ತದೆ. ಆಗ ಕೈಗೆ ಏನಾದರೂ ಕೆಲಸ ಕೊಟ್ಟು ಅದು ಇಳಿಯುವವರೆಗೂ ಕಾಯುತ್ತೇನೆ. ವರ್ಷಕ್ಕೊಂದು ಸಲ ಪಾಂಡವಪುರದ ಡಾಕ್ಟರು ಹೇಳಿದ ದಿನ ಹೋಗಿ ತೋರಿಸಿಕೊಳ್ಳುತ್ತೇನೆ, ಅವರ ಮಾತನ್ನು ಒಂದೇ ಸಲಕ್ಕೆ ನಂಬುತ್ತೇನೆ.

ನಿಮಗೂ ಹೀಗಿದ್ದರೆ ನಾನು ಹೇಳುವುದಿಷ್ಟು. ಮೊದಲು ಒಬ್ಬ ಒಳ್ಳೆಯ ಡಾಕ್ಟರಲ್ಲಿ ಸರಿಯಾಗಿ ಪರೀಕ್ಷೆ ಮಾಡಿಸಿಕೊಳ್ಳಿ, ಅದನ್ನು ತಪ್ಪಿಸಬೇಡಿ. ಅವರು ಏನಿಲ್ಲ ಅಂದ ಮೇಲೂ ನಿಮ್ಮ ಕಾಲು ಇನ್ನೊಂದು ಆಸ್ಪತ್ರೆಯ ಕಡೆ ಎಳೆದರೆ, ಆ ದುಡ್ಡನ್ನು ಬಸ್ ಚಾರ್ಜಿಗೆ ಇಟ್ಟುಕೊಂಡು ಮನಸ್ಸಿನ ಡಾಕ್ಟರನ್ನು ಕಾಣಿ. ಊರಿನವರು ಏನಂದಾರು ಅಂತ ಕೂರಬೇಡಿ. ಮನೆಯಲ್ಲೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ, ಯಾಕೆಂದರೆ ನಿಮಗೆ ಸಮಾಧಾನ ಹೇಳಿ ಹೇಳಿ ಅವರೂ ಸೋತಿರುತ್ತಾರೆ. ಮೊದಲ ಎರಡು ವಾರ ಏನೂ ಆಗಲಿಲ್ಲ ಅನ್ನಿಸುತ್ತದೆ, ಬಿಡಬೇಡಿ. ನಡುವೆ ಒಂದು ಸಲ ಸೋಲುತ್ತೀರಿ, ಅದನ್ನು ಮುಚ್ಚಿಡದೆ ಅಲ್ಲಿ ಹೇಳಿ.

ಇನ್ನೊಂದು ಮಾತು. ನಿಮ್ಮವರು ಯಾರೋ ಎಲ್ಲೋ ಮಲಗಿದ್ದು, ನೀವು ಇವತ್ತು ನಾಳೆ ಎಂದು ಮುಂದಕ್ಕೆ ಹಾಕುತ್ತಿದ್ದರೆ, ಭಯ ಹೋದ ಮೇಲೆ ಹೋಗೋಣ ಅಂತ ಕಾಯಬೇಡಿ. ಭಯವನ್ನು ಕರೆದುಕೊಂಡೇ ಹೋಗಿ, ಅದಕ್ಕೆ ಟಿಕೆಟ್ಟಿಲ್ಲ. ಬೆಳಗಿನ ಮೊದಲ ಬಸ್ಸಿಗೇ ಹೊರಡಿ. ಊಟ ಮುಗಿಸಿಕೊಂಡು ಹೊರಡೋಣ ಅಂದರೆ ಮನಸ್ಸು ಅಷ್ಟರಲ್ಲಿ ಒಂದು ನೆಪ ಹುಡುಕಿಟ್ಟಿರುತ್ತದೆ. ಅಲ್ಲಿ ಹೋಗಿ ಏನು ಮಾತಾಡಬೇಕು ಎಂದು ತಲೆ ಕೆಡಿಸಿಕೊಳ್ಳಬೇಡಿ, ಮಲಗಿದವರೇ ಮಾತಾಡುತ್ತಾರೆ. ನೀವು ಕುರ್ಚಿಯನ್ನು ಮಂಚದ ಹತ್ತಿರಕ್ಕೆ, ಕೈಗೆ ಕೈ ಸಿಗುವಷ್ಟು ಹತ್ತಿರಕ್ಕೆ ಎಳೆದುಕೊಂಡು ಕೂತರೆ ಸಾಕು.